ಲಾಗ್‌ಬುಕ್ಕಿನ ಒಂದು ಸಾಲು, ಮನೆಗೆ ಬರೆದ ಒಂದು ಕಾಗದ



ಊಟಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ನಂಜನಾಡು ಇದೆ. ಬಡಗರ ಹಟ್ಟಿ, ಗುಡ್ಡದ ಇಳಿಜಾರಿನ ಹೊಲಗಳು, ಆಲೂಗಡ್ಡೆ, ಕ್ಯಾರೆಟ್, ಕೋಸು, ಜೊತೆಗೆ ಸರ್ಕಾರದ ಆಲೂಗಡ್ಡೆ ಸಂಶೋಧನಾ ಕೇಂದ್ರ. ಈ ಊರಿನ ಹೆಸರೆತ್ತಿ ಎರಡನೆಯ ಮಹಾಯುದ್ಧದ ಬಾಂಬರ್ ವಿಮಾನಗಳ ಮಾತಾಡುತ್ತೇನೆಂದರೆ, ಇದಕ್ಕೂ ಅದಕ್ಕೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಇದೆ. ಅದನ್ನೇ ಮೊದಲು ಹೇಳುತ್ತೇನೆ.

ಆಗ ನೀಲಗಿರಿ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಬ್ರಿಟಿಷ್ ವಾಯುಪಡೆಯ ಎರಡು ಬಾಂಬರ್ ಸ್ಕ್ವಾಡ್ರನ್‌ಗಳಿಗೆ, 35 ಮತ್ತು 99ನೆಯದಕ್ಕೆ, ‘ಮದ್ರಾಸ್ ಪ್ರೆಸಿಡೆನ್ಸಿ’ ಎಂಬ ಹೆಸರು ಅಂಟಿಕೊಂಡಿತ್ತು. ಪ್ರಾಂತ್ಯದಿಂದ ಹೋದ ದೇಣಿಗೆಯ ಗುರುತು ಅದು. ನೆರೆಯ ಮೈಸೂರು ಸಂಸ್ಥಾನದ ಹೆಸರೂ ಇಂಗ್ಲೆಂಡಿನ ಆಕಾಶದಲ್ಲಿತ್ತು. 1941ರಲ್ಲಿ ಕಟ್ಟಿದ 129ನೆಯ ‘ಮೈಸೂರು’ ಸ್ಕ್ವಾಡ್ರನ್ನಿನ ಲಾಂಛನ ನಮ್ಮ ಗಂಡಭೇರುಂಡ. ಅದು ಸ್ಪಿಟ್‌ಫೈರ್ ಹಾರಿಸುವ ಫೈಟರ್ ಪಡೆ. ಬಾಂಬರ್‌ಗಳದ್ದು ಬೇರೆಯೇ ಬಾಳು. ಇನ್ನು ನಮ್ಮ ಬೆಟ್ಟಗಳಿಗೆ ಬಂದರೆ, ಕೂನೂರಿನ ಬಳಿಯ ಅರವಂಕಾಡಿನ ಕಾರ್ಖಾನೆ 1904ರಿಂದಲೇ ಬಂದೂಕು, ಫಿರಂಗಿಗಳಿಗೆ ಬೇಕಾದ ಕಾರ್ಡೈಟ್ ಮದ್ದು ತಯಾರಿಸುತ್ತಿತ್ತು. ಗೂಡಲೂರು ದಾರಿಯ ನಡುವಟ್ಟಂನಲ್ಲಿ ಸಿಂಕೋನಾ ತೋಟ, ಕ್ವಿನೈನ್ ಕಾರ್ಖಾನೆ. ಜಗತ್ತಿನ ಕ್ವಿನೈನ್‌ನ ಬಹುಪಾಲು ಬರುತ್ತಿದ್ದದ್ದು ಜಾವಾದಿಂದ. 1942ರ ಮಾರ್ಚಿನಲ್ಲಿ ಜಾವಾ ಜಪಾನೀಯರ ಕೈಸೇರಿತು. ಬಂಗಾಳ, ಬರ್ಮಾದ ಅರಾಕಾನಿನ ಚಳಿಜ್ವರದ ನಾಡಿನಲ್ಲಿ ಸೈನ್ಯ ನಿಂತಿದ್ದಾಗ ನೀಲಗಿರಿಯ ಆ ತೊಗಟೆಗೆ ಎಷ್ಟು ಬೆಲೆ ಬಂದಿರಬೇಕು, ನೀವೇ ಯೋಚಿಸಿ.

ಹಾಗಾಗಿ ಈ ಕಥೆ ಪರದೇಶದವರದ್ದು ಮಾತ್ರ ಅಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಆ ವಿಮಾನಗಳ ಹುಡುಗರು ಬಿಟ್ಟುಹೋದ ಎರಡು ಬಗೆಯ ಬರಹದ ಬಗ್ಗೆ. ಒಂದು ಹಾರಾಟದ ಲಾಗ್‌ಬುಕ್, ಇನ್ನೊಂದು ಮನೆಗೆ ಬರೆದ ಕಾಗದ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗಲೇ ಯುದ್ಧದೊಳಗಿದ್ದ ಮನುಷ್ಯ ನಮಗೆ ಸಿಗುತ್ತಾನೆ ಎಂಬುದು ನನ್ನ ನಂಬಿಕೆ.

ಮೊದಲು ಲಾಗ್‌ಬುಕ್. ವಿಮಾನ ಹತ್ತುವ ಪ್ರತಿಯೊಬ್ಬನೂ ತನ್ನ ಲಾಗ್‌ಬುಕ್ಕನ್ನು ತಾನೇ ತುಂಬಬೇಕು. ಅಡ್ಡಡ್ಡ ಕಾಲಂಗಳು: ತಾರೀಖು, ಹೊರಟ ಹೊತ್ತು, ವಿಮಾನದ ಜಾತಿ ಮತ್ತು ನಂಬರು, ಪೈಲಟ್ ಯಾರು, ತನ್ನ ಕೆಲಸ ಏನು, ಹಗಲು ಎಷ್ಟು ಗಂಟೆ, ರಾತ್ರಿ ಎಷ್ಟು ಗಂಟೆ. ರಾತ್ರಿಯ ದಾಳಿಯನ್ನು ಕೆಂಪು ಶಾಯಿಯಲ್ಲಿ ಬರೆಯುವ ರೂಢಿ ಇತ್ತು. ಷರಾ ಬರೆಯುವ ಜಾಗದಲ್ಲಿ ಊರಿನ ಹೆಸರು, ಹೆಚ್ಚೆಂದರೆ ಇನ್ನು ನಾಲ್ಕು ಪದ. ತಿಂಗಳ ಕೊನೆಗೆ ಮೇಲಧಿಕಾರಿಯ ಸಹಿ. ಒಬ್ಬನು ಎಂಟು ಗಂಟೆ ಕತ್ತಲಲ್ಲಿ ಹಾರಿ, ಸಾವಿನ ಅಂಚು ಕಂಡು, ಬದುಕಿ ಬಂದದ್ದೆಲ್ಲ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ.

ಆ ಒಂದು ಸಾಲಿನ ಹಿಂದೆ ಏನಿರುತ್ತಿತ್ತು? ನಮ್ಮ ಪ್ರಾಂತ್ಯದ ಹೆಸರಿನ 99ನೆಯ ಸ್ಕ್ವಾಡ್ರನ್ನಿನ ಹಾದಿಯನ್ನೇ ಹಿಡಿದು ನೋಡೋಣ. ಯುದ್ಧ ಶುರುವಾದಾಗ ಅದು ಇಂಗ್ಲೆಂಡಿನಲ್ಲಿತ್ತು, ಎರಡು ಎಂಜಿನ್ನಿನ ವೆಲ್ಲಿಂಗ್ಟನ್ ವಿಮಾನಗಳೊಂದಿಗೆ. 1939ರ ಡಿಸೆಂಬರ್ 14ರಂದು ಜರ್ಮನಿಯ ಕರಾವಳಿಯ ಹಡಗುಗಳನ್ನು ಹುಡುಕಿಕೊಂಡು ಅದರ 12 ವೆಲ್ಲಿಂಗ್ಟನ್‌ಗಳು ಹಾಡಹಗಲೇ ಹೋದವು. ಅವುಗಳಲ್ಲಿ 6 ನಷ್ಟವಾದವು. ನಾಲ್ಕು ದಿನ ಕಳೆದು ಬೇರೆ ಸ್ಕ್ವಾಡ್ರನ್‌ಗಳಿಗೂ ಇದೇ ಗತಿ ಆಯಿತು. ಫೈಟರ್ ವಿಮಾನಗಳ ಕಾವಲಿಲ್ಲದೆ ಹಗಲು ಹೊತ್ತು ಹೋದರೆ ಉಳಿಗಾಲವಿಲ್ಲ ಎಂಬ ಪಾಠ ಅಲ್ಲಿ ಸಿಕ್ಕಿತು. ಬ್ರಿಟಿಷ್ ಬಾಂಬರ್‌ಗಳು ಕತ್ತಲನ್ನು ಆಶ್ರಯಿಸಿದ್ದು ಹೀಗೆ.

ಕತ್ತಲು ಕಾಪಾಡಿತು, ಆದರೆ ಅರ್ಧ ಮಾತ್ರ. ಆ ಬಾಂಬರ್‌ಗಳ ಪಡೆಯಾದ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಮಂದಿ, ಸತ್ತವರು 55,573. ನೂರಕ್ಕೆ ನಲವತ್ತನಾಲ್ಕು. ಬಹುತೇಕರ ವಯಸ್ಸು ಇಪ್ಪತ್ತರ ಆಸುಪಾಸು. 30 ದಾಳಿ ಮುಗಿಸಿದರೆ ಒಂದು ಸರದಿ ಮುಗಿದ ಹಾಗೆ. ಆಮೇಲೆ ಸ್ವಲ್ಪ ಕಾಲ ಬಿಡುವು. ಆ ಮೂವತ್ತನ್ನು ಮುಟ್ಟುವವರೆಗೆ ಮುಂದಿನ ವಾರದ ಮಾತನ್ನೂ ಆಡಲು ಹಿಂಜರಿಯುತ್ತಿದ್ದರು. ಇನ್ನು ಹಾರಲಾರೆ ಎಂದು ಕೈಚೆಲ್ಲಿದವನ ದಾಖಲೆಯಲ್ಲಿ ಧೈರ್ಯಗೆಟ್ಟವನು ಎಂಬ ಅರ್ಥದ ಷರಾ ಬೀಳುತ್ತಿತ್ತು. ಇಂದಾದರೆ ಅಂಥವನನ್ನು ವೈದ್ಯರ ಬಳಿ ಕರೆದೊಯ್ಯುತ್ತೇವೆ.

ಈ ಹುಡುಗರು ತಂಡ ಕಟ್ಟಿಕೊಳ್ಳುತ್ತಿದ್ದ ಬಗೆಯನ್ನು ಕೇಳಬೇಕು. ತರಬೇತಿಯ ಕೊನೆಗೆ ಪೈಲಟ್, ನ್ಯಾವಿಗೇಟರ್, ರೇಡಿಯೋ ನೋಡಿಕೊಳ್ಳುವವನು, ಬಾಂಬ್ ಗುರಿಕಾರ, ಗನ್ನರ್‌ಗಳು ಎಲ್ಲರನ್ನೂ ಒಂದು ದೊಡ್ಡ ಶೆಡ್ಡಿನಲ್ಲಿ ಕೂಡಿಹಾಕಿ, ನಿಮ್ಮ ನಿಮ್ಮ ಜೊತೆಗಾರರನ್ನು ನೀವೇ ಆರಿಸಿಕೊಳ್ಳಿ ಎಂದು ಬಿಟ್ಟುಬಿಡುತ್ತಿದ್ದರು. ಲ್ಯಾಂಕಾಸ್ಟರ್ ವಿಮಾನಕ್ಕೆ ಏಳು ಜನ. ಕೆನಡಾದ ರೈತನ ಮಗ, ಲಂಡನ್ನಿನ ಗುಮಾಸ್ತ, ಆಸ್ಟ್ರೇಲಿಯಾದ ಮೇಷ್ಟ್ರು, ಹೀಗೆ ಎಲ್ಲೆಲ್ಲಿಂದಲೋ ಬಂದವರು ಅಂದಿನಿಂದ ಒಂದು ಮನೆಯವರಾಗುತ್ತಿದ್ದರು. ಒಬ್ಬನ ಕೈ ತಪ್ಪಿದರೆ ಏಳು ಜನರ ಪ್ರಾಣ. ಬಾಲದ ತುದಿಯ ಗಾಜಿನ ಗೂಡಿನಲ್ಲಿ ಕೂತ ಗನ್ನರ್ ಉಳಿದವರ ಮುಖವನ್ನೂ ಕಾಣಲಾರ. ಇಂಟರ್‌ಕಾಮಿನಲ್ಲಿ ಕೇಳುವ ದನಿ ಒಂದೇ ಅವನಿಗೆ ಆಸರೆ. ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ ಅಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ಆಮ್ಲಜನಕದ ಕೊಳವೆಯೊಳಗೆ ಉಸಿರಿನ ಹಬೆ ಹೆಪ್ಪುಗಟ್ಟುತ್ತಿತ್ತು.

ಮದ್ರಾಸ್ ಹೆಸರಿನ ಇನ್ನೊಂದು ಪಡೆ, 35ನೆಯದು, ಹ್ಯಾಲಿಫ್ಯಾಕ್ಸ್ ವಿಮಾನವನ್ನು ಮೊಟ್ಟಮೊದಲು ಯುದ್ಧಕ್ಕೆ ಇಳಿಸಿತು. 1941ರ ಮಾರ್ಚ್ 10ರ ರಾತ್ರಿ ಅದರ ಮೊದಲ ದಾಳಿ ಫ್ರಾನ್ಸಿನ ಲ ಹಾವ್ರ್ ಬಂದರಿನ ಮೇಲೆ. 1942ರ ಆಗಸ್ಟಿನಿಂದ ಅದು ಎಲ್ಲರಿಗಿಂತ ಮುಂದೆ ಹೋಗಿ ಬಣ್ಣದ ದೀಪ ಚೆಲ್ಲಿ ಗುರಿ ತೋರಿಸುವ ಪಡೆಯ ಭಾಗವಾಯಿತು.

99ನೆಯದು ಆ ವರ್ಷವೇ ಭಾರತಕ್ಕೆ ಬಂತು. ಬಂಗಾಳದ ಡಿಗ್ರಿ, ಜೆಸ್ಸೋರ್, ಆಮೇಲೆ ಧುಬಾಲಿಯಾ ಅದರ ನೆಲೆಗಳು. ಹೆಸರು ಕೊಟ್ಟ ನಾಡಿಗೆ ಬಂದವರಿಗೆ ಇಲ್ಲಿನ ಬಿಸಿಲೇ ಮೊದಲ ಎದುರಾಳಿ. ಮಧ್ಯಾಹ್ನ ವಿಮಾನದ ತಗಡು ಮುಟ್ಟಿದರೆ ಕೈ ಸುಡುವಷ್ಟು ಕಾಯುತ್ತಿತ್ತು. ಮೆಕ್ಯಾನಿಕ್‌ಗಳು ನಸುಕಿನಲ್ಲೇ ಕೆಲಸ ಮುಗಿಸಲು ಹೆಣಗುತ್ತಿದ್ದರು. ಚಳಿಜ್ವರ, ಆಮಶಂಕೆ, ಬೆವರುಸಾಲೆ. ತಟ್ಟೆಯಲ್ಲಿ ಡಬ್ಬಿಯ ದನದ ಮಾಂಸ, ನೀರಿನಲ್ಲಿ ಕದಡಿದ ಒಣಗಿಸಿದ ಆಲೂಗಡ್ಡೆ. ಮಣ್ಣಿನಿಂದ ಆಗತಾನೇ ಕಿತ್ತ ಆಲೂಗಡ್ಡೆಯ ರುಚಿ ಬಲ್ಲ ನಂಜನಾಡಿನವರಿಗೆ ಆ ಊಟದ ಬೇಸರ ತಟ್ಟನೆ ಅರ್ಥವಾದೀತು.

ಒಂದು ದಾಳಿಯ ದಿನವನ್ನು ಹತ್ತಿರದಿಂದ ನೋಡೋಣ. ಬೆಳಗ್ಗೆ ಫಲಕದ ಮೇಲೆ ಹೆಸರಿನ ಪಟ್ಟಿ ಬೀಳುತ್ತದೆ. ಹಗಲು ಹೊತ್ತಿನಲ್ಲಿ ವಿಮಾನವನ್ನು ಒಂದು ಸುತ್ತು ಹಾರಿಸಿ ಎಂಜಿನ್, ರೇಡಿಯೋ, ಗನ್ನುಗಳು ಸರಿಯಿವೆಯೇ ಎಂದು ನೋಡುತ್ತಾರೆ. ಸಂಜೆ ಎಲ್ಲರೂ ಒಂದು ಕೋಣೆಯಲ್ಲಿ ಸೇರುತ್ತಾರೆ. ಗೋಡೆಯ ನಕಾಶೆಯ ಪರದೆ ಸರಿದಾಗ ಹೋಗುವ ದಾರಿ ದಾರದಲ್ಲಿ ಕಾಣುತ್ತದೆ: ರಂಗೂನು, ಮಂಡಾಲೆ ಅಥವಾ ಬರ್ಮಾ–ಸಯಾಂ ರೈಲುದಾರಿಯ ಒಂದು ಸೇತುವೆ. ಹವೆ ಹೇಗಿದೆ, ವಿಮಾನ ಹೊಡೆಯುವ ಫಿರಂಗಿಗಳು ಎಲ್ಲಿವೆ, ಬಿದ್ದರೆ ಯಾವ ದಿಕ್ಕಿಗೆ ನಡೆಯಬೇಕು, ಎಲ್ಲವನ್ನೂ ಹೇಳುತ್ತಾರೆ. ಜೇಬಿನಲ್ಲಿರುವ ಮನೆಯ ಕಾಗದ, ಗುರುತು ಹತ್ತುವ ಯಾವ ಚೀಟಿಯೂ ಜೊತೆಗೆ ಹೋಗಬಾರದು. ಬದಲಿಗೆ ರೇಷ್ಮೆಯ ಮೇಲೆ ಅಚ್ಚಾದ ನಕಾಶೆ ಮತ್ತು ಒಂದು ಬಟ್ಟೆಯ ತುಂಡು ಕೊಡುತ್ತಾರೆ. ಈತ ನಿಮ್ಮ ಮಿತ್ರ, ಈತನನ್ನು ನಮ್ಮ ಬಳಿಗೆ ತಲುಪಿಸಿದರೆ ಇನಾಮು ಕೊಡುತ್ತೇವೆ ಎಂದು ಆ ಬಟ್ಟೆಯ ಮೇಲೆ ಬರ್ಮೀಸ್ ಸೇರಿದಂತೆ ಹಲವು ಭಾಷೆಗಳಲ್ಲಿ ಅಚ್ಚಾಗಿರುತ್ತದೆ. ಅದೂ ಒಂದು ಕಾಗದವೇ. ಯಾವುದೋ ಕಾಡಿನ ಹಳ್ಳಿಯ, ಕಂಡು ಕೇಳದ ಮನೆಯೊಂದರ ದಯೆಗೆ ಬರೆದ ಕಾಗದ.

ಆಮೇಲೆ ಹಾರಾಟ. ಬಂಗಾಳ ಕೊಲ್ಲಿಯ ಮೇಲೆ ಕತ್ತಲಲ್ಲಿ ದಾರಿ ಹೇಳುವ ಊರಿಲ್ಲ, ದೀಪವಿಲ್ಲ. ನ್ಯಾವಿಗೇಟರ್ ಸೆಕ್ಸ್‌ಟಂಟ್ ಹಿಡಿದು ನಕ್ಷತ್ರದ ಎತ್ತರ ಅಳೆದು, ವೇಗ, ಗಾಳಿ, ಹೊತ್ತು ಲೆಕ್ಕಹಾಕಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಹೋಗಬೇಕು. ಮಳೆಗಾಲದಲ್ಲಿ ಅರಾಕಾನಿನ ಬೆಟ್ಟಸಾಲಿನ ಮೇಲೆ ಎದ್ದ ಗುಡುಗುಮೋಡದೊಳಗೆ ಸಿಕ್ಕಿದ ವಿಮಾನವನ್ನು ಗಾಳಿ ಸಾವಿರಾರು ಅಡಿ ಮೇಲೆತ್ತಿ ಕೆಳಗೆ ಕುಕ್ಕುತ್ತಿತ್ತು. ಜಪಾನೀಯರ ಗುಂಡಿಗೆ ಸಿಗದವರು ಎಷ್ಟೋ ಜನ ಮೋಡಕ್ಕೆ ಬಲಿಯಾದರು.

1944ರ ಸೆಪ್ಟೆಂಬರಿನಲ್ಲಿ 99ನೆಯದಕ್ಕೆ ನಾಲ್ಕು ಎಂಜಿನ್ನಿನ ಲಿಬರೇಟರ್‌ಗಳು ಬಂದವು. ಅವು ಎಷ್ಟು ದೂರ ಹೋಗಬಲ್ಲವು ಎಂಬುದಕ್ಕೆ ಅದೇ ವರ್ಷದ ಅಕ್ಟೋಬರಿನಲ್ಲಿ 159ನೆಯ ಸ್ಕ್ವಾಡ್ರನ್ನಿನ ಲಿಬರೇಟರ್‌ಗಳು ಮಲಯಾದ ಪೆನಾಂಗ್ ಬಂದರಿಗೆ ಮೈನ್ ಹಾಕಲು ಹೋದ ದಾಳಿ ಸಾಕ್ಷಿ. ಹೋಗಿಬರುವ ದಾರಿ 3,000 ಮೈಲಿಗೂ ಹೆಚ್ಚು. ಪೆಟ್ರೋಲನ್ನು ಹನಿಹನಿಯಾಗಿ ಉಳಿಸುವ ಲೆಕ್ಕವನ್ನು ಆ ಸ್ಕ್ವಾಡ್ರನ್ನಿನ ಮುಖ್ಯಸ್ಥ ಜೇಮ್ಸ್ ಬ್ಲ್ಯಾಕ್‌ಬರ್ನ್ ತಿಂಗಳುಗಟ್ಟಲೆ ಪಳಗಿಸಿದ್ದರಿಂದ ಹೋದ ವಿಮಾನಗಳೆಲ್ಲ ಮರಳಿದವು.

ಈ ಲಿಬರೇಟರ್‌ಗಳನ್ನು ಹಾರಿಸಲು ಕಲಿತದ್ದು ಎಲ್ಲಿ ಗೊತ್ತೇ? ಕೋಲಾರದಲ್ಲಿ. 1673ನೆಯ ತರಬೇತಿ ಘಟಕ ಅಲ್ಲಿತ್ತು. 1944ರ ನವೆಂಬರ್ 8ರಂದು ಆ ಘಟಕದ ಜನ, ವಿಮಾನಗಳಿಂದಲೇ 358ನೆಯ ಸ್ಕ್ವಾಡ್ರನ್ ಹುಟ್ಟಿತು. ಅದು ಬಾಂಬು ಹಾಕಲು ಹೋದದ್ದು ಒಮ್ಮೆ ಮಾತ್ರ, 1945ರ ಜನವರಿಯಲ್ಲಿ ಮಂಡಾಲೆಗೆ. ಆಮೇಲೆ ಗೂಢಚಾರರನ್ನೂ ಸಾಮಾನನ್ನೂ ಬರ್ಮಾ, ಸಯಾಂಗಳಲ್ಲಿ ಪ್ಯಾರಾಚೂಟಿನಿಂದ ಇಳಿಸುವ ಕೆಲಸಕ್ಕೆ ಅದನ್ನು ಹಚ್ಚಿದರು. ಯಲಹಂಕದಲ್ಲಿ ಮರದ ಮೈಯ ಮಸ್ಕೀಟೊ ವಿಮಾನಗಳ ತರಬೇತಿ. ನಮ್ಮ ಹವೆಯಲ್ಲಿ ಅವುಗಳ ಮರದ ಜೋಡಣೆಯ ಅಂಟು ಬಿಟ್ಟು ರೆಕ್ಕೆ ಕಳಚುವ ಅಪಾಯ ಕಂಡದ್ದರಿಂದ 1944ರ ಕೊನೆಗೆ ಅವನ್ನೆಲ್ಲ ಕೆಲಕಾಲ ನೆಲದ ಮೇಲೇ ನಿಲ್ಲಿಸಬೇಕಾಯಿತು. 1940ರಲ್ಲಿ ವಾಲ್ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವೇ ಆಗಿಬಿಟ್ಟಿತು. ನಮ್ಮವರೂ ಹಾರಿದರು. ಭಾರತೀಯ ವಾಯುಪಡೆಯ 7 ಮತ್ತು 8ನೆಯ ಸ್ಕ್ವಾಡ್ರನ್‌ಗಳು ಇಬ್ಬರು ಕೂರುವ ವೆಂಜನ್ಸ್ ವಿಮಾನಗಳಲ್ಲಿ 1944ರಲ್ಲಿ ಇಂಫಾಲ, ಅರಾಕಾನುಗಳ ಮೇಲೆ ನೇರ ಧುಮುಕಿ ಬಾಂಬು ಹಾಕಿದವು.

ಇಷ್ಟು ಲಾಗ್‌ಬುಕ್ಕಿನ ಕಡೆಯ ಮಾತು. ಈಗ ಕಾಗದ.

ಮನೆಗೆ ಬರೆಯುವವನಿಗೆ ಊರಿನ ಹೆಸರು ಬರೆಯುವಂತಿಲ್ಲ, ವಿಮಾನದ ಹೆಸರು ಬರೆಯುವಂತಿಲ್ಲ, ಹೋದದ್ದು ಎಲ್ಲಿಗೆಂದು ಹೇಳುವಂತಿಲ್ಲ. ಅಧಿಕಾರಿಯೊಬ್ಬ ಓದಿ, ಬೇಡದ್ದನ್ನು ಅಳಿಸಿ, ಮುದ್ರೆ ಒತ್ತಿದ ಮೇಲೆಯೇ ಅದು ಹೊರಡಬೇಕು. ಹಡಗಿನಲ್ಲಿ ಹೋದರೆ ತಿಂಗಳುಗಳು. ಅದಕ್ಕಾಗಿ 1941ರಲ್ಲಿ ‘ಏರ್‌ಗ್ರಾಫ್’ ಎಂಬ ಹೊಸ ಏರ್ಪಾಡು ಬಂತು. ಅಚ್ಚಾದ ನಮೂನೆಯ ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಅದರ ಫೋಟೋ ಸಣ್ಣ ಫಿಲ್ಮಿನ ಮೇಲೆ ಇಳಿಯುತ್ತದೆ. ಗೋಣಿಚೀಲದ ತೂಕದ ಕಾಗದಗಳು ಅಂಗೈಯಗಲದ ಡಬ್ಬಿಯೊಳಗೆ ಸೇರಿ ವಿಮಾನ ಹತ್ತುತ್ತವೆ. ಆ ಕಡೆ ಫಿಲ್ಮಿನಿಂದ ಪುಟ್ಟ ಪ್ರತಿ ತೆಗೆದು ಮನೆಗೆ ಮುಟ್ಟಿಸುತ್ತಾರೆ. ಬರೆದವನ ಕೈಬರಹ ಹಾಗೇ ಇರುತ್ತದೆ, ಗಾತ್ರ ಮಾತ್ರ ಕಿರಿದು. ಮಗನ ಅಕ್ಷರ ಓದಲು ಎಷ್ಟೋ ತಾಯಂದಿರು ಭೂತಗನ್ನಡಿ ಹಿಡಿದರು.

ಹೇಳಬಾರದ್ದೆಲ್ಲ ತೆಗೆದ ಮೇಲೆ ಆ ಕಾಗದದಲ್ಲಿ ಉಳಿಯುವುದೇನು? ನಾನು ಆರಾಮವಾಗಿದ್ದೇನೆ, ನೀವು ಹೇಗಿದ್ದೀರಿ, ಅಪ್ಪನ ಕೆಮ್ಮು ವಾಸಿಯಾಯಿತೇ, ತಂಗಿ ಪರೀಕ್ಷೆ ಹೇಗೆ ಮಾಡಿದಳು, ಸಾಬೂನು ಕಳುಹಿಸಿ, ಇಲ್ಲಿ ಮಳೆ. ಇದನ್ನು ಕೆಲವರು ಬರಿಯ ಕುಶಲೋಪರಿ ಎಂದು ಬದಿಗಿಡುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ನಿನ್ನೆ ರಾತ್ರಿ ಪಕ್ಕದ ಹಾಸಿಗೆಯವನು ಮರಳಿ ಬರಲಿಲ್ಲ. ಇವತ್ತು ಅವನ ಪೆಟ್ಟಿಗೆಯನ್ನು ಕಟ್ಟುತ್ತಿದ್ದಾರೆ. ಆ ಹೊತ್ತಿನಲ್ಲಿ ಕೂತು ತಂಗಿಯ ಪರೀಕ್ಷೆಯನ್ನು ವಿಚಾರಿಸುವುದು ಸಣ್ಣ ಸಂಗತಿಯಲ್ಲ. ತನ್ನ ಭಯವನ್ನು ತಾನೇ ನುಂಗಿ ಮನೆಯವರ ನಿದ್ದೆ ಕಾಯುವ ಕೆಲಸ ಅದು. ಕಾಗದ ಏನು ಹೇಳಲಿಲ್ಲವೋ ಅದು ಲಾಗ್‌ಬುಕ್ಕಿನ ಅದೇ ತಾರೀಖಿನ ಕೆಂಪು ಸಾಲಿನಲ್ಲಿದೆ. ಲಾಗ್‌ಬುಕ್ಕು ಯಾರನ್ನು ಮರೆಯಿತೋ ಅವನು ಕಾಗದದಲ್ಲಿದ್ದಾನೆ.

ಇನ್ನೊಂದು ಬಗೆಯ ಕಾಗದವೂ ಇತ್ತು. ತಾನು ಬಾರದಿದ್ದರೆ ಮಾತ್ರ ಕಳುಹಿಸಿ ಎಂದು ಲಕೋಟೆ ಮುಚ್ಚಿ ಇಟ್ಟು ಹೋಗುವ ಕಾಗದ. 38ನೆಯ ಸ್ಕ್ವಾಡ್ರನ್ನಿನ ವಿವಿಯನ್ ರೋಸ್‌ವಾರ್ನ್ ಎಂಬ ಯುವಕ ತಾಯಿಗೆ ಹೀಗೆ ಬರೆದಿಟ್ಟದ್ದು 1940ರ ಜೂನ್ 18ರಂದು ಹೆಸರಿಲ್ಲದೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಅಚ್ಚಾಗಿ, ಸಾವಿರಾರು ಮನೆಗಳ ಕಾಗದವಾಯಿತು. ವಿಮಾನ ಬಾರದೆ ಹೋದರೆ ಮೊದಲು ತಂತಿ, ಹಿಂದೆಯೇ ಮೇಲಧಿಕಾರಿಯ ಪತ್ರ. ಸತ್ತವನ ಸಾಮಾನನ್ನು ಮನೆಗೆ ಕಳುಹಿಸುವ ಮುನ್ನ, ಹೆಂಡತಿಯ ಅಥವಾ ತಾಯಿಯ ಮನಸ್ಸು ನೋಯಿಸುವಂಥದ್ದು ಏನಾದರೂ ಇದೆಯೇ ಎಂದು ನೋಡಿ ಅದನ್ನು ತೆಗೆದಿಡಲು ಬೇರೆ ಜನರೇ ಇದ್ದರು.

ಬಾನುಲಿಯ ಪಾಲನ್ನೂ ಇಲ್ಲಿ ನೆನೆಯಬೇಕು. ನಮ್ಮ ಇಷ್ಟು ವಿಮಾನಗಳು ಹಿಂತಿರುಗಿಲ್ಲ ಎಂಬ ವಾರ್ತೆ ಬಂದ ಸಂಜೆಗಳಲ್ಲಿ ಎಷ್ಟೋ ಮನೆಗಳು ಅವುಗಳಲ್ಲಿ ತಮ್ಮ ಮಗ ಇರದಿರಲಿ ಎಂದು ಬೇಡುತ್ತಾ ಕೂತಿರುತ್ತಿದ್ದವು. ಪಡೆಯ ಹೆಸರು ಹೇಳುತ್ತಿರಲಿಲ್ಲ, ವಿಮಾನಗಳ ಸಂಖ್ಯೆ ಮಾತ್ರ. 1943ರ ಸೆಪ್ಟೆಂಬರ್ 3ರ ರಾತ್ರಿ ಬಿಬಿಸಿಯ ವಿನ್‌ಫರ್ಡ್ ವಾನ್ ಥಾಮಸ್, ಧ್ವನಿಮುದ್ರಣದ ರೆಜಿನಾಲ್ಡ್ ಪಿಡ್ಸ್‌ಲಿ ಜೊತೆ ಲ್ಯಾಂಕಾಸ್ಟರ್ ಒಂದರಲ್ಲಿ ಬರ್ಲಿನ್ ಮೇಲೆ ಹಾರಿ, ಒಳಗಿನವರ ಮಾತನ್ನು ಹಾಗೆಯೇ ತಟ್ಟೆಯ ಮೇಲೆ ಹಿಡಿದು ತಂದರು. ಆ ಹುಡುಗರ ಸಮಾಧಾನದ ದನಿಯನ್ನು, ಫೈಟರ್ ಎದುರಾದಾಗಿನ ಉದ್ವೇಗವನ್ನು ಮನೆಯವರು ಮೊದಲ ಸಲ ಕಿವಿಯಾರೆ ಕೇಳಿದರು.

ಇಲ್ಲಿಗೆ ನಿಲ್ಲಿಸಿದರೆ ಅನ್ಯಾಯವಾದೀತು. ಬಾಂಬು ಬಿದ್ದ ನೆಲದಲ್ಲೂ ಮನೆಗಳಿದ್ದವು, ತಾಯಂದಿರಿದ್ದರು. 1943ರ ಜುಲೈಯಲ್ಲಿ ಹ್ಯಾಂಬರ್ಗ್ ನಗರದಲ್ಲಿ ಸುಮಾರು 40,000 ಮಂದಿ ಬೆಂಕಿಯಲ್ಲಿ ಸತ್ತರು. ಯುದ್ಧಕ್ಕೆ ಮುಂಚೆ ರಂಗೂನಿನ ಜನರಲ್ಲಿ ಅರ್ಧಕ್ಕೂ ಹೆಚ್ಚು ಭಾರತೀಯರೇ. ಆ ಊರಿನ ಮೇಲೆ 1941ರ ಡಿಸೆಂಬರ್ 23ರಂದು ಜಪಾನೀಯರು ಬಾಂಬು ಹಾಕಿದರು. ಊರು ಕೈಬದಲಾದ ಮೇಲೆ ಬ್ರಿಟಿಷರು, ಅಮೆರಿಕನ್ನರು ಹಾಕಿದರು. 1942ರ ಏಪ್ರಿಲ್ 6ರಂದು ನಮ್ಮದೇ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿನ ಬಾಂಬು ಬಿತ್ತು. ಹಾರಿದವರ ಧೈರ್ಯವನ್ನು ಗೌರವಿಸುತ್ತಲೇ ಕೆಳಗಿದ್ದವರ ನೋವನ್ನೂ ನೆನೆಯಬೇಕು. ಒಂದಕ್ಕಾಗಿ ಇನ್ನೊಂದನ್ನು ಮರೆತರೆ ಇತಿಹಾಸ ಕುರುಡಾಗುತ್ತದೆ.

99ನೆಯ ಪಡೆ ಆ ಯುದ್ಧದಲ್ಲಿ ಮಾಡಿದ ಕೊನೆಯ ಕೆಲಸ ಈ ದೃಷ್ಟಿಯಿಂದ ನನಗೆ ದೊಡ್ಡದು. 1945ರಲ್ಲಿ ಅದು ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಕ್ಕೆ ಹೋಯಿತು. ಜಪಾನ್ ಶರಣಾದ ಮೇಲೆ ಅಲ್ಲಿನ ಲಿಬರೇಟರ್‌ಗಳು ಬಾಂಬಿನ ಜಾಗದಲ್ಲಿ ಆಹಾರ, ಔಷಧ ತುಂಬಿಕೊಂಡು ಸಿಂಗಪುರ, ಸುಮಾತ್ರಾಗಳ ಯುದ್ಧಕೈದಿಗಳ ಶಿಬಿರಗಳ ಮೇಲೆ ಇಳಿಸಿದವು. ಆ ಪಡೆಯ ಕೆಎನ್ 751 ಎಂಬ ಲಿಬರೇಟರ್‌ಗೆ ಇನ್ನೊಂದು ಜನ್ಮವೂ ಸಿಕ್ಕಿತು. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಗುಜರಿಗೆಂದು ಬಿಟ್ಟುಹೋದ ಲಿಬರೇಟರ್‌ಗಳನ್ನು ಜಿಮ್ಮಿ ಮುನ್ಶಿ ಎಂಬ ಪೈಲಟ್ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ನಮ್ಮ ಕಾರ್ಮಿಕರು ಅವನ್ನು ಬಿಚ್ಚಿ, ಸರಿಪಡಿಸಿ, ಸ್ವತಂತ್ರ ಭಾರತದ ವಾಯುಪಡೆಗೆ ಕೊಟ್ಟರು. 1948ರ ನವೆಂಬರಿನಲ್ಲಿ 5ನೆಯ ಸ್ಕ್ವಾಡ್ರನ್ ಕಟ್ಟಿದ್ದು ಅವುಗಳಿಂದಲೇ. 1968ರವರೆಗೆ ಅವು ದುಡಿದವು. ಕೆಎನ್ 751 ಭಾರತದ ನಂಬರು ಹೊತ್ತು ಸೇವೆ ಮುಗಿಸಿ, 1974ರಲ್ಲಿ ನಮ್ಮ ದೇಶದ ಉಡುಗೊರೆಯಾಗಿ ಬ್ರಿಟನ್ನಿನ ವಾಯುಪಡೆ ವಸ್ತುಸಂಗ್ರಹಾಲಯ ಸೇರಿತು.

ವಿಮಾನವನ್ನು ಉಳಿಸಿಕೊಳ್ಳುವವರಿದ್ದಾರೆ. ಕಾಗದಗಳ ಗತಿ ಏನು? ಅದೇ ನನ್ನ ಕಳಕಳಿ. ನೀಲಗಿರಿಯ ಹಟ್ಟಿಗಳಲ್ಲಿ, ಕೊಡಗಿನ ಐನ್‌ಮನೆಗಳಲ್ಲಿ, ಕೋಲಾರ, ಮೈಸೂರಿನ ಹಳೆಯ ಮನೆಗಳಲ್ಲಿ ಸೈನ್ಯ, ವಾಯುಪಡೆ, ಯುದ್ಧಕಾಲದ ಕಾರ್ಖಾನೆಗಳಲ್ಲಿ ದುಡಿದವರ ಟ್ರಂಕುಗಳಿವೆ. ಒಳಗೆ ಸೇವಾಪುಸ್ತಕ, ಪದಕದ ರಿಬ್ಬನ್ನು, ಅಂಚು ಹರಿದ ಫೋಟೋ, ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆಯ ಕಾಗದ ಇರಬಹುದು. ನಮ್ಮ ಬೆಟ್ಟದ ಮಂಜು, ಥಂಡಿಗೆ ಬೂಷ್ಟು ಹಿಡಿಯುವುದು ಬಲು ಬೇಗ.

ದಯವಿಟ್ಟು ಇಷ್ಟು ಮಾಡಿ. ಒಣ ಹವೆಯ ದಿನ ಟ್ರಂಕು ತೆಗೆಯಿರಿ. ಕಾಗದಗಳನ್ನು ಬಿಸಿಲಿಗೆ ಹರವಬೇಡಿ, ನೆರಳಿನ ಗಾಳಿ ಸಾಕು. ಪ್ಲಾಸ್ಟಿಕ್ ಹಾಕಿ ಲ್ಯಾಮಿನೇಟ್ ಮಾಡಿಸಬೇಡಿ, ಗೋಂದು ಟೇಪು ಅಂಟಿಸಬೇಡಿ. ಪ್ರತಿ ಪುಟದ ಫೋಟೋವನ್ನು, ಲಕೋಟೆ ಮತ್ತು ಮುದ್ರೆ ಸಮೇತ, ಮೊಬೈಲಿನಲ್ಲಿ ತೆಗೆದು ಎರಡು ಕಡೆ ಉಳಿಸಿ. ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಮೆಲ್ಲಗೆ ಹೆಸರು, ಊರು, ಗೊತ್ತಿದ್ದರೆ ವರ್ಷ ಬರೆಯಿರಿ. ಮನೆಯ ಅಜ್ಜಿ, ತಾತ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಇದರಲ್ಲಿ ಯಾರು ಯಾರು ಎಂದು ಕೇಳಿ ಧ್ವನಿಮುದ್ರಿಸಿ. ಸೇವಾಪುಸ್ತಕದ ತಾರೀಖನ್ನೂ ಕಾಗದದ ತಾರೀಖನ್ನೂ ಜೋಡಿಸಿ ಮಕ್ಕಳ ಕೈಯಲ್ಲಿ ಓದಿಸಿ. ಅಜ್ಜ ಆ ದಿನ ಎಲ್ಲಿದ್ದರು, ಮನೆಗೆ ಏನೆಂದು ಬರೆದರು ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ. ಶಾಲೆಯ ಇತಿಹಾಸ ಪಾಠ ಯುದ್ಧದ ಕಾರಣ, ಪರಿಣಾಮಗಳನ್ನು ಹೇಳಿಕೊಡುತ್ತದೆ. ಆ ಯುದ್ಧದಲ್ಲಿ ನಮ್ಮ ಮನೆಯವರು ಏನು ಅನುಭವಿಸಿದರು ಎಂಬುದನ್ನು ಹೇಳಿಕೊಡುವ ಕೆಲಸ ನಮ್ಮದು. ಅದನ್ನು ಈ ಬೇಸಿಗೆಯಲ್ಲೇ ಶುರುಮಾಡೋಣ.